ಒಂಟಿ ಮನೆಯ ಕಾವಲು

ಇತ್ತೀಚಿನ ವರ್ಷಗಳಲ್ಲಿ ನಮ್ಮ ಅನೇಕ ಕುಟುಂಬಗಳ ಮುಂದೆ ಒಂದು ಪ್ರಶ್ನೆ ಬಂದು ನಿಂತಿದೆ. ಓದು, ಉದ್ಯೋಗಗಳ ನಿಮಿತ್ತ ನಗರಗಳಲ್ಲಿ ನೆಲೆಸಿದ್ದ ಮಕ್ಕಳು 2020ರ ಮಹಾಮಾರಿಯ ದಿನಗಳಲ್ಲಿ ಹಿರಿಯರ ಮನೆಗಳಿಗೆ ಮರಳಿದರು. ಕೆಲವರು ಮತ್ತೆ ನಗರಕ್ಕೆ ಹೋದರು. ಕೆಲವರ ಮನಸ್ಸು ತೋಟದಲ್ಲಿಯೇ ಉಳಿಯಿತು. “ಮಲೆನಾಡಿನ ಒಂಟಿ ಮನೆಯಲ್ಲಿ ಸಂಸಾರ ಹೂಡಬಹುದೇ? ಮಳೆ, ಚಳಿ, ಕಳ್ಳಕಾಕರು, ಕಾಡುಪ್ರಾಣಿ ಇವುಗಳ ನಡುವೆ ಎಳೆಯ ಮಕ್ಕಳನ್ನೂ ವೃದ್ಧರನ್ನೂ ಕಟ್ಟಿಕೊಂಡು ನಿರ್ಭಯವಾಗಿ ಬಾಳುವುದು ಸಾಧ್ಯವೇ?” ಎಂದು ಹೊಸ ಸೊಸೆಯಂದಿರು ಕೇಳುತ್ತಾರೆ. ಮದುವೆ, ಗೃಹಪ್ರವೇಶಗಳಲ್ಲಿ ಭೇಟಿಯಾದಾಗ ನನ್ನನ್ನು ಹೀಗೆ ಕೇಳಿದವರು ಕಡಿಮೆಯೇನಲ್ಲ. ಅವರಿಗೆಲ್ಲ ಬಾಯಿಮಾತಿನಲ್ಲಿ ಹೇಳಿದ್ದನ್ನು ಒಂದೆಡೆ ಬರೆದಿಡೋಣವೆಂದು ಈ ಲೇಖನಕ್ಕೆ ಕೈಹಾಕಿದ್ದೇನೆ.

ನಾನು ಹುಟ್ಟಿ ಬೆಳೆದದ್ದು ಅಂದಿನ ಧಾರವಾಡ ಜಿಲ್ಲೆಯ ಹಾವೇರಿ ಸೀಮೆಯಲ್ಲಿ. ತವರಿನ ಓಣಿಯಲ್ಲಿ ಗೋಡೆಗೆ ಗೋಡೆ ತಾಗಿದ ಮನೆಗಳು. ಒಬ್ಬರ ಮನೆಯಲ್ಲಿ ರೊಟ್ಟಿ ಬಡಿಯುವ ಸಪ್ಪಳ ಇನ್ನೊಬ್ಬರ ಪಡಸಾಲೆಗೆ ಕೇಳುತ್ತಿತ್ತು. 1976ರಲ್ಲಿ ಮದುವೆಯಾಗಿ ಶಿವಮೊಗ್ಗ ಜಿಲ್ಲೆಯ ಹೊಸನಗರ ತಾಲ್ಲೂಕಿನ ತೋಟದ ಮನೆಗೆ ಬಂದಾಗ, ಹತ್ತಿರದ ಮನೆಗೆ ಹೋಗಬೇಕಾದರೆ ಗದ್ದೆಯ ಬದು ಹಿಡಿದು, ಹಳ್ಳದ ಸಂಕ ದಾಟಿ ಅರ್ಧ ಮೈಲಿ ನಡೆಯಬೇಕಾಗಿತ್ತು. ಬಂದ ಮೊದಲ ಮಳೆಗಾಲದಲ್ಲಿ ಅಂಜಿ ಕುಳಿತಿದ್ದ ನನಗೆ ಅತ್ತೆಯವರು ಹೇಳಿದ ಮಾತು ಇಂದಿಗೂ ನೆನಪಿದೆ. “ಈ ಮನೆಗೆ ನಾಲ್ಕು ಕಾವಲುಗಾರರಿದ್ದಾರೆ, ತಂಗೀ. ಬೆಂಕಿ, ಹತ್ಯಾರು, ಬಾಗಿಲು, ಕೋವಿ. ನಾವು ಅವುಗಳನ್ನು ನೋಡಿಕೊಂಡರೆ ಅವು ನಮ್ಮನ್ನು ನೋಡಿಕೊಳ್ಳುತ್ತವೆ. ಮರೆತೆವೋ, ಮೊದಲು ಕಚ್ಚುವುದು ನಮ್ಮನ್ನೇ.” ಸುಮಾರು ಐದು ದಶಕಗಳ ಬಾಳುವೆಯಲ್ಲಿ ಈ ಮಾತಿಗೆ ಸೇರಿಸಬೇಕಾದದ್ದು ನನಗೆ ಹೆಚ್ಚೇನೂ ಕಂಡಿಲ್ಲ. ಆ ನಾಲ್ವರ ಕುರಿತೇ ಕ್ರಮವಾಗಿ ಬರೆಯುತ್ತೇನೆ.

ಮೊದಲನೆಯದು ಬೆಂಕಿ. ಆಗುಂಬೆಯಂತಹ ಊರಿನಲ್ಲಿ ವರ್ಷಕ್ಕೆ ಸರಾಸರಿ 7000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುತ್ತದೆ. ನಮ್ಮ ತಾಲ್ಲೂಕಿನ ಘಟ್ಟದಂಚಿನ ಹಳ್ಳಿಗಳ ಪಾಡೂ ಅದಕ್ಕಿಂತ ಬಹಳ ಭಿನ್ನವಲ್ಲ. ಜೂನ್ ತಿಂಗಳಿಂದ ಸೆಪ್ಟೆಂಬರಿನವರೆಗೆ ಬಟ್ಟೆ ಒಣಗದು, ಗೋಡೆ ಒಣಗದು, ಮಕ್ಕಳ ನೆಗಡಿಯೂ ಆರದು. ಇಂತಹ ಊರಿನಲ್ಲಿ ಬಚ್ಚಲುಮನೆಯ ಹಂಡೆಯೊಲೆಯೇ ಮನೆಯ ಹೃದಯ. ಸ್ನಾನಕ್ಕೆ ನೀರು, ಕೂತು ಕಾಯಿಸಿಕೊಳ್ಳಲು ಬಿಸುಪು, ಮೇಲೆ ಕಟ್ಟಿದ ಗಳುವಿನಲ್ಲಿ ಬಟ್ಟೆಗೆ ಒಣಗು, ಅಟ್ಟದ ಮೇಲಿನ ಅಡಿಕೆಗೂ ಮರದ ಜಂತಿಗೂ ಹುಳ ಹಿಡಿಯದಂತೆ ಹೊಗೆ, ಇಷ್ಟನ್ನೂ ಅದೊಂದೇ ಒದಗಿಸುತ್ತದೆ. ಸೌರಶಕ್ತಿಯ ನೀರುಕಾಯಿಸುವ ಸಾಧನ ಬೇಸಗೆಯಲ್ಲಿ ಬಲು ಉಪಕಾರಿ; ಆದರೆ ಅದನ್ನು ನಂಬಿ ಹಂಡೆಯನ್ನು ಮಾರಿದವರು ಆಷಾಢದಲ್ಲಿ ತಣ್ಣೀರು ಮೀಯಬೇಕಾಗುತ್ತದೆ.

ಒಲೆಯ ಗುಟ್ಟು ಒಲೆಯಲ್ಲಿಲ್ಲ, ಸೌದೆಯಲ್ಲಿದೆ. ಆಗತಾನೆ ಕಡಿದ ಹಸಿ ಕಟ್ಟಿಗೆಯ ತೂಕದಲ್ಲಿ ಹೆಚ್ಚುಕಡಿಮೆ ಅರ್ಧ ನೀರೇ ಇರುತ್ತದೆ. ಅದನ್ನು ಒಲೆಗೆ ಇಟ್ಟರೆ, ಬೆಂಕಿಯ ಶಕ್ತಿಯ ಒಂದು ಪಾಲು ಕಟ್ಟಿಗೆಯ ನೀರನ್ನೇ ಕುದಿಸಿ ಹೊರಹಾಕಲು ವ್ಯಯವಾಗುತ್ತದೆ. ನಮ್ಮ ಪಾಲಿಗೆ ಬರುವುದು ಹೊಗೆ ಮತ್ತು ಕಣ್ಣೀರು. ಪುಷ್ಯ ಮಾಸದ ಹೊತ್ತಿಗೆ ಕಡಿದು, ಸೀಳಿ, ಗಾಳಿಯಾಡುವಂತೆ ಅಡ್ಡಡ್ಡ ಒಟ್ಟಿ, ನೆಲದಿಂದ ಒಂದು ಗೇಣು ಎತ್ತರಿಸಿ ಇಟ್ಟ ಸೌದೆ ಮೇ ತಿಂಗಳಿಗೆ ಚೆನ್ನಾಗಿ ಒಣಗುತ್ತದೆ. ಎರಡು ತುಂಡುಗಳನ್ನು ತಟ್ಟಿದರೆ ಟಣ್ ಎಂಬ ನಾದ ಬರಬೇಕು. ದಬ್ ಎಂದರೆ ಇನ್ನೂ ಹಸಿ. ಮೊದಲ ಮಳೆಗೆ ಮುಂಚೆಯೇ ಅದು ಕೊಟ್ಟಿಗೆಯ ಮಾಡಿನ ಕೆಳಗೆ ಸೇರಬೇಕು. ಅಡಿಕೆಯ ಸಿಪ್ಪೆ, ತೆಂಗಿನ ಕರಟ, ಒಣಗಿದ ಸೋಗೆ, ಹಾಳೆಗಳು ಬೆಂಕಿ ಹೊತ್ತಿಸಲು ಸಾಕು. ಸೀಮೆಎಣ್ಣೆಯನ್ನೋ ಪೆಟ್ರೋಲನ್ನೋ ಒಲೆಗೆ ಸುರಿಯುವ ದುರಭ್ಯಾಸಕ್ಕೆ ಮನೆಯಲ್ಲಿ ಎಂದೂ ಆಸ್ಪದ ಕೊಡಬಾರದು.

ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದಲ್ಲಿ 1974ರಲ್ಲಿ ಅಮೂಲ್ಯ ರೆಡ್ಡಿಯವರ ಮುಂದಾಳುತನದಲ್ಲಿ, ವಿಜ್ಞಾನವನ್ನು ಹಳ್ಳಿಗಳ ಬಳಕೆಗೆ ಇಳಿಸುವ ಕೇಂದ್ರವೊಂದು ಪ್ರಾರಂಭವಾಯಿತು. ಅದರ ಇಂಗ್ಲಿಷ್ ಹೆಸರಿನ ಮೊದಲಕ್ಷರಗಳು ಕೂಡಿ “ಅಸ್ತ್ರ” ಎಂದಾಗುತ್ತದೆ. ಅಲ್ಲಿ ರೂಪುಗೊಂಡ ಅಸ್ತ್ರ ಒಲೆ ಎಂಬತ್ತರ ದಶಕದಲ್ಲಿ ರಾಜ್ಯದ ಅನೇಕ ಹಳ್ಳಿಗಳಿಗೆ ತಲುಪಿತು. ಒಂದೇ ಉರಿಯ ಮೇಲೆ ಸಾಲಾಗಿ ಮೂರು ಪಾತ್ರೆಗಳು, ಕೆಳಗೆ ಗಾಳಿ ಬರಲು ಜಾಲರಿ, ಹೊಗೆ ಹೊರಹೋಗಲು ಕೊಳವೆ, ಇದಿಷ್ಟೇ ಅದರ ರಚನೆ. ನಮ್ಮ ಅಡುಗೆಮನೆಗೂ ಅದು ಬಂದಾಗ ಅತ್ತೆಯವರು, “ಮನೆಗೆ ಬಂದ ಅಸ್ತ್ರಗಳಲ್ಲಿ ಇದೇ ಒಳ್ಳೆಯದು” ಎಂದು ನಕ್ಕಿದ್ದರು. ನಿಜ, ಅದು ಹೆಂಗಸರ ಕಣ್ಣು ಮತ್ತು ಶ್ವಾಸಕೋಶಗಳನ್ನು ಕಾಯುವ ಅಸ್ತ್ರವಾಗಿತ್ತು. ಆದರೆ ಹೊಗೆಕೊಳವೆಯಲ್ಲಿ ಇಲ್ಲಣ ಕಟ್ಟಿಕೊಂಡರೆ ಆ ಒಲೆಯೂ ಹೊಗೆಯನ್ನು ಒಳಕ್ಕೇ ಉಗುಳುತ್ತದೆ. ಇಲ್ಲಣಕ್ಕೆ ಕಿಡಿ ತಗಲಿದರೆ ಮಾಡಿಗೇ ಅಪಾಯ. ವರ್ಷಕ್ಕೆ ಎರಡು ಬಾರಿಯಾದರೂ, ವಿಶೇಷವಾಗಿ ಮಳೆಗಾಲಕ್ಕೆ ಮುನ್ನ, ಕೊಳವೆಯನ್ನು ಕೆರೆದು ಶುಚಿಮಾಡಬೇಕು.

ತಾಯಂದಿರು ಅತ್ಯಂತ ಎಚ್ಚರದಿಂದ ಗಮನಿಸಬೇಕಾದ ಸಂಗತಿ ಮತ್ತೊಂದಿದೆ. ಚಳಿಯ ರಾತ್ರಿ ಬಾಣಂತಿಯ ಕೋಣೆಯಲ್ಲಿ, ಮುದುಕರ ಮಂಚದ ಬಳಿಯಲ್ಲಿ ಕೆಂಡದ ಅಗ್ಗಿಷ್ಟಿಕೆಯಿಟ್ಟು ಕಿಟಕಿ ಬಾಗಿಲು ಮುಚ್ಚುವ ಪದ್ಧತಿ ಹಲವು ಮನೆಗಳಲ್ಲಿ ಇನ್ನೂ ಉಳಿದಿದೆ. ಹೊಗೆಯಿಲ್ಲದ ಕೆಂಡ ನಿರಪಾಯವೆಂದು ತಿಳಿಯುವುದು ಭ್ರಮೆ. ಕೆಂಡದಿಂದ ಕಾರ್ಬನ್ ಮಾನಾಕ್ಸೈಡ್ ಎಂಬ ಅನಿಲ ಹೊರಡುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್ನಿಗೆ ಅದು ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಲವಾಗಿ ಅಂಟಿಕೊಳ್ಳುತ್ತದೆ. ತಲೆ ನೋಯುತ್ತದೆ, ಜೊಂಪು ಹತ್ತುತ್ತದೆ. ಆ ಜೊಂಪಿನಿಂದ ಮನುಷ್ಯ ಏಳದೆಯೇ ಹೋಗಬಹುದು. ಕಿಟಕಿಯಿಲ್ಲದ ಸ್ನಾನದ ಕೋಣೆಯಲ್ಲಿ ಅನಿಲದ ಗೀಸರ್ ಹಾಕಿಸಿದವರಿಗೂ ಇದೇ ಗಂಡಾಂತರ. ಆದುದರಿಂದ ಮಲಗುವ ಕೋಣೆಯಲ್ಲಿ ಕೆಂಡ ಕೂಡದು. ಮಲಗುವ ಮುನ್ನ ಹಾಸಿಗೆಯನ್ನು ಬಿಸಿನೀರಿನ ಚೀಲದಿಂದ ಬೆಚ್ಚಗೆ ಮಾಡಿ, ಕಂಬಳಿ ಹೊದೆಸಿ. ಗೀಸರನ್ನು ಸ್ನಾನದ ಕೋಣೆಯ ಹೊರಗೆ, ಗಾಳಿಯಾಡುವೆಡೆಯಲ್ಲಿ ಹಾಕಿಸಿ.

ಎರಡನೆಯ ಕಾವಲು ಹತ್ಯಾರು. ತೋಟದ ಮನೆಯ ಶ್ರೀಮಂತಿಕೆಯನ್ನು ಅಳೆಯಬೇಕಾದರೆ ಪಡಸಾಲೆಯ ಕುರ್ಚಿಗಳನ್ನು ನೋಡಬೇಡಿ, ಹತ್ಯಾರುಗಳ ಕೋಣೆಯನ್ನು ನೋಡಿ ಎಂಬುದು ಮಾವನವರ ಮಾತು. ಗುದ್ದಲಿ, ಹಾರೆ, ಪಿಕಾಸಿ, ಕೊಡಲಿ, ಕತ್ತಿ, ಗರಗಸ ಒಂದೊಂದಕ್ಕೂ ಗೋಡೆಯಲ್ಲಿ ಒಂದೊಂದು ಗೂಟ. ಸಂಜೆ ಖಾಲಿ ಗೂಟ ಕಂಡರೆ, ಅದು ತೋಟದ ಯಾವ ಮೂಲೆಯಲ್ಲಿ ಉಳಿಯಿತೆಂದು ವಿಚಾರಿಸಿಯೇ ಊಟ. ಮಣ್ಣು ತೊಳೆದು, ಒರೆಸಿ, ಅಲಗಿಗೆ ಎಣ್ಣೆ ಸವರಿಟ್ಟ ಕತ್ತಿ ಹತ್ತಾರು ವರ್ಷ ಬರುತ್ತದೆ. ಮೊಂಡಾದ ಕತ್ತಿಯೇ ಹೆಚ್ಚು ಅಪಾಯಕಾರಿ. ಏಕೆಂದರೆ ಅದಕ್ಕೆ ಬಲ ಹೆಚ್ಚು ಬೇಕು, ಬಲ ಹೆಚ್ಚಾದರೆ ಜಾರುತ್ತದೆ. ವರ್ಷಕ್ಕೊಮ್ಮೆ ಆಯುಧಪೂಜೆಯಂದು ವಿಭೂತಿ ಹಚ್ಚಿ, ಹೂವಿಟ್ಟು, ಉಳಿದ ದಿನಗಳಲ್ಲಿ ಮಳೆಯಲ್ಲಿ ಬಿಸುಡುವ ಭಕ್ತಿಯನ್ನು ಯಾವ ಆಯುಧವೂ ಮೆಚ್ಚುವುದಿಲ್ಲ.

ಔಷಧಿ ಸಿಂಪಡಿಸುವ ಪಂಪಿನದೂ ಹೀಗೆಯೇ. ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣವನ್ನು ಇಂದಿಗೂ ಬಳಸುತ್ತೇವೆ. 100 ಲೀಟರು ನೀರಿಗೆ 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ ಎಂಬುದು ಅದರ ಅಳತೆ. ಕಬ್ಬಿಣದ ಪಾತ್ರೆಯಲ್ಲಿ ಕದಡಬಾರದು. ಉಜ್ಜಿ ಹೊಳೆಯುವ ಕತ್ತಿಯ ಅಲಗನ್ನು ದ್ರಾವಣದಲ್ಲಿ ಸ್ವಲ್ಪ ಹೊತ್ತು ಅದ್ದಿ ತೆಗೆದಾಗ ಅದು ತಾಮ್ರದಂತೆ ಕೆಂಪಡರಿದರೆ, ಸುಣ್ಣ ಇನ್ನೂ ಬೇಕೆಂದು ಅರ್ಥ. ಕೆಲಸ ಮುಗಿದ ದಿನವೇ ಪಂಪನ್ನೂ ಕೊಳವೆಯನ್ನೂ ಶುದ್ಧ ನೀರಿನಿಂದ ತೊಳೆಯದಿದ್ದರೆ ಸುಣ್ಣ ಕಟ್ಟಿ, ಮುಂದಿನ ಸಿಂಪಡಣೆಯ ಹೊತ್ತಿಗೆ ಯಂತ್ರ ಕೈಕೊಡುತ್ತದೆ. ಎಡೆಬಿಡದ ಮಳೆಯ ನಡುವೆ ದೊರೆಯುವ ಎರಡು ದಿನದ ಹೊಳವನ್ನು ಪಂಪಿನ ರಿಪೇರಿಯಲ್ಲಿ ಕಳೆದುಕೊಂಡ ಮನೆಯವರಿಗೆ ಇದರ ಬೆಲೆ ಗೊತ್ತು.

ಈಗಿನ ಕಾಲದ ಹತ್ಯಾರುಗಳು ಬಂದ ಮೇಲೆ ಅನುಕೂಲದಂತೆ ಅಪಾಯವೂ ಬೆಳೆದಿದೆ. ಕಳೆ ಕತ್ತರಿಸುವ ಯಂತ್ರ ಹಿಡಿದವನಿಗೆ ಕನ್ನಡಕ ಮತ್ತು ಗಟ್ಟಿ ಬೂಟುಗಳು ಇರಲೇಬೇಕು. ಅದರ ಅಲಗು ಎತ್ತಿ ಎಸೆಯುವ ಕಲ್ಲು ಕಣ್ಣು ಕಳೆಯಬಲ್ಲದು. 50 ಅಡಿಗಳ ಒಳಗೆ ಮಕ್ಕಳು ಸುಳಿಯಬಾರದು. ಇದೆಲ್ಲಕ್ಕಿಂತ ಹೆಚ್ಚಾಗಿ ನಾನು ಹೆದರುವುದು ಅಲ್ಯೂಮಿನಿಯಂ ಏಣಿಗೆ. ಕರಿಮೆಣಸಿನ ಕೊಯ್ಲಿನಲ್ಲಿ ಅಂತಹ ಏಣಿಯನ್ನು ಎತ್ತಿ ನಿಲ್ಲಿಸುವಾಗ ಮೇಲಿನ ವಿದ್ಯುತ್ ತಂತಿಗೆ ತಗಲಿ ಕೂಲಿಯವರು ಸತ್ತ ಸುದ್ದಿಗಳು ಮಲೆನಾಡು, ಕೊಡಗುಗಳ ಕಡೆಯಿಂದ ಮತ್ತೆಮತ್ತೆ ಬರುತ್ತವೆ. ಲೋಹದ ದೋಟಿಯೂ ಅಷ್ಟೇ ಅಪಾಯಕಾರಿ. 11,000 ವೋಲ್ಟಿನ ತಂತಿ ಹಾದುಹೋಗುವ ಸಾಲಿನಲ್ಲಿ ಲೋಹದ ಏಣಿಯನ್ನು ತರಲೇಕೂಡದು. ಬಿದಿರಿನ ಒಣ ಏಣಿಯನ್ನು ಹಿಡಿದು ಬಂದರೂ ತಂತಿಯಿಂದ ದೂರವೇ ಇರಬೇಕು. ಮನೆಯ ಮುಖ್ಯ ಸ್ವಿಚ್ಚಿನ ಬಳಿ 30 ಮಿಲಿಆಂಪಿಯರಿನ ಸೋರಿಕೆ ತಡೆಯುವ ಸಾಧನವನ್ನು ಹಾಕಿಸಿಕೊಂಡರೆ, ಒದ್ದೆ ಕೈ ಪಂಪುಸೆಟ್ಟಿನ ಪೆಟ್ಟಿಗೆಗೆ ತಗಲಿದಾಗ ಅದು ಕಣ್ಣುಮುಚ್ಚಿ ತೆರೆಯುವುದರೊಳಗೆ ವಿದ್ಯುತ್ತನ್ನು ಕಡಿದುಹಾಕುತ್ತದೆ. ಕೂಲಿಗೆ ಬಂದವರ ಜೀವವೂ ನಮ್ಮ ಮಕ್ಕಳ ಜೀವದಷ್ಟೇ ಅಮೂಲ್ಯ. ದುಡಿಯುವವರನ್ನು ಗೌರವಿಸುತ್ತೇವೆಂದು ಹೇಳಿಕೊಳ್ಳುವ ಮನೆತನಗಳಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಮೂರನೆಯದು ಬಾಗಿಲು. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರೆಂಬ ಗಾದೆ ನಮ್ಮಲ್ಲಿದೆ. ಹಳೆಯ ಮನೆಗಳ ಹಲಸಿನ ಮರದ ದಪ್ಪ ಬಾಗಿಲು, ಅಡ್ಡ ಹಾಕುವ ಅಗುಳಿ ಇವು ಇಂದಿಗೂ ಯಾವ ಹೊಸ ಬೀಗಕ್ಕೂ ಕಡಿಮೆಯಲ್ಲ. ಆದರೆ ಕಳ್ಳನು ಹೆಬ್ಬಾಗಿಲಿನಿಂದ ಬರುವುದು ಅಪರೂಪ. ಹಿತ್ತಿಲ ಬಚ್ಚಲಿನ ಸಡಿಲ ಬಾಗಿಲು, ಕೊಟ್ಟಿಗೆಗೆ ಒರಗಿಸಿಟ್ಟ ಏಣಿ, ಅಟ್ಟದ ಹಂಚು, ಇವೇ ಅವನ ಹೆದ್ದಾರಿಗಳು. ಆದುದರಿಂದ ರಾತ್ರಿ ಏಣಿ ಒಳಗಿರಬೇಕು, ಹಾರೆ ಪಿಕಾಸಿಗಳು ಒಳಗಿರಬೇಕು. ನಮ್ಮ ಹತ್ಯಾರಿನಿಂದಲೇ ನಮ್ಮ ಬಾಗಿಲು ಮುರಿಯುವ ಅವಕಾಶವನ್ನು ಯಾರಿಗೂ ಕೊಡಬಾರದು. ಅಂಗಳದಲ್ಲಿ ಒಣಗುವ ಅಡಿಕೆ, ಮೆಣಸು, ಕಾಫಿಗಳ ರಾಶಿಗೆ ಬೆಳಕು ಬೀಳುವಂತೆ ದೀಪವಿರಲಿ. ವಿದ್ಯುತ್ತು ಹೋದಾಗಲೂ ಉರಿಯುವ ಸೌರದೀಪವೊಂದಿದ್ದರೆ ಇನ್ನೂ ಲೇಸು. ಕೈಯಲ್ಲಿ ಟಾರ್ಚಿಲ್ಲದೆ ಅಂಗಳಕ್ಕೆ ಇಳಿಯಬೇಡಿ. ಮಳೆಗಾಲದಲ್ಲಿ ಕಳ್ಳನಿಗಿಂತ ಮೊದಲು ಹಾವು ಎದುರಾಗುತ್ತದೆ.

ನಾಯಿ ಒಳ್ಳೆಯ ಕಾವಲುಗಾರ. ಅದಕ್ಕೆ ವರ್ಷಕ್ಕೊಮ್ಮೆ ಹುಚ್ಚುನಾಯಿ ರೋಗದ ಲಸಿಕೆ ಹಾಕಿಸಿರಬೇಕು. ಚಿರತೆಯ ಸುಳಿವಿರುವ ಊರಿನಲ್ಲಿ ರಾತ್ರಿ ಅದನ್ನು ಹೊರಗೆ ಕಟ್ಟಿಹಾಕುವುದು ಬೇಟೆಗೆ ಬಲಿಯಿಟ್ಟಂತೆ. ಬಾಗಿಲಿರುವ ಗೂಡಿನಲ್ಲಿ ಮಲಗಿಸಬೇಕು. ಅಡಿಕೆ ಮಾರಿದ ಹಣ ಅದೇ ದಿನ ಬ್ಯಾಂಕಿಗೆ ಸೇರಲಿ. ಎಷ್ಟು ಬಂತೆಂಬುದು ಬಸ್ಸಿನಲ್ಲಾಗಲಿ, ಮದುವೆಯ ಪಂಕ್ತಿಯಲ್ಲಾಗಲಿ ಮಾತಾಗದಿರಲಿ. ಹೊಸಬರು ಕೆಲಸಕ್ಕೆ ಬಂದಾಗ ಹೆಸರು, ಊರು, ಗುರುತಿನ ಪತ್ರದ ಪ್ರತಿ ತೆಗೆದಿಡುವುದರಲ್ಲಿ ಅವಮಾನವೇನೂ ಇಲ್ಲ. ಮರ್ಯಾದೆಯಿಂದ ಕೇಳಿದರೆ ಯಾರೂ ಬೇಸರಿಸುವುದಿಲ್ಲ. ತುರ್ತಿಗೆ 112ರ ಸಂಖ್ಯೆಯನ್ನು ಮನೆಯ ಮಕ್ಕಳಿಗೂ ಬಾಯಿಪಾಠ ಮಾಡಿಸಿ. ಆದರೆ ಪೊಲೀಸರ ವಾಹನ ಘಟ್ಟದ ಹಾದಿ ಹತ್ತಿ ಬರುವವರೆಗೆ ಒದಗುವವರು ನೆರೆಮನೆಯವರೇ. ನಮಗೂ ಸಂಕದಾಚೆಯ ಮನೆಯವರಿಗೂ ನಡುವೆ ಬೇಲಿಯ ವಿಷಯಕ್ಕೆ ಮನಸ್ತಾಪಗಳು ಬಂದುಹೋಗಿವೆ. ಆದರೂ ಸಂಜೆ ಒಬ್ಬರ ಮನೆಯ ದೀಪ ಹತ್ತದಿದ್ದರೆ ಇನ್ನೊಬ್ಬರು ಕರೆಮಾಡಿ ವಿಚಾರಿಸುವುದು ಒಂದು ದಿನವೂ ತಪ್ಪಿಲ್ಲ. ಒಂಟಿ ಮನೆಗೆ ಇದಕ್ಕಿಂತ ಗಟ್ಟಿಯಾದ ಅಗುಳಿಯನ್ನು ನಾನು ಕಂಡಿಲ್ಲ.

ಇನ್ನು ನಾಲ್ಕನೆಯದು, ಕೋವಿ. ಮಾಂಸಾಹಾರವಿಲ್ಲದ, ಅಹಿಂಸೆಯನ್ನು ಹೇಳಿಕೊಂಡು ಬಂದ ಮನೆಯಲ್ಲಿ ಕೋವಿಯೇಕೆ ಎಂದು ಬಯಲುಸೀಮೆಯ ನನ್ನ ಬಂಧುಗಳು ಹುಬ್ಬೇರಿಸುತ್ತಿದ್ದರು. ಮಾವನವರ ಕಾಲದಿಂದ ನಮ್ಮಲ್ಲಿದ್ದುದು ಬೆಳೆಯ ರಕ್ಷಣೆಗೆಂದು ಪರವಾನಗಿ ಪಡೆದ ಜೋಡುನಳಿಗೆಯ ಕೋವಿ. ಗದ್ದೆಗೆ ಇಳಿಯುವ ಹಂದಿಗಳನ್ನು, ಎಳೆಯ ಸಸಿಗಳನ್ನು ತುಳಿಯುವ ಕಾಟಿಗಳನ್ನು ಬೆದರಿಸಿ ಓಡಿಸಲು ಅದರ ಸದ್ದೇ ಸಾಕಾಗುತ್ತಿತ್ತು.

ಈ ವಿಷಯದಲ್ಲಿ ಕಾನೂನನ್ನು ಸರಿಯಾಗಿ ತಿಳಿಯಬೇಕು. ಮಲೆನಾಡಿನವರೆಲ್ಲರೂ ಕೇಳುವವರಿಲ್ಲದೆ ಕೋವಿ ಇಟ್ಟುಕೊಳ್ಳಬಹುದೆಂಬ ತಪ್ಪು ತಿಳಿವಳಿಕೆ ಹಲವರಲ್ಲಿದೆ. ಪರವಾನಗಿಯಿಂದ ವಿನಾಯಿತಿ ಇರುವುದು ಕೊಡಗಿನ ಕೊಡವರಿಗೆ ಮತ್ತು ಅಲ್ಲಿನ ಜಮ್ಮಾ ಹಿಡುವಳಿದಾರರಿಗೆ ಮಾತ್ರ. ಬ್ರಿಟಿಷರ ಕಾಲದಿಂದ ಬಂದ ಆ ವಿನಾಯಿತಿಯನ್ನು ಕೇಂದ್ರ ಸರ್ಕಾರ 2019ರಲ್ಲಿ ಹತ್ತು ವರ್ಷಗಳ ಅವಧಿಗೆ, ಅಂದರೆ 2029ರವರೆಗೆ, ಮುಂದುವರಿಸಿತು. ಅದನ್ನು ಪ್ರಶ್ನಿಸಿದ ಅರ್ಜಿಯನ್ನು ರಾಜ್ಯದ ಉಚ್ಚ ನ್ಯಾಯಾಲಯ 2021ರಲ್ಲಿ ತಳ್ಳಿಹಾಕಿತು. ಶಿವಮೊಗ್ಗ, ಚಿಕ್ಕಮಗಳೂರು, ಉತ್ತರ ಕನ್ನಡದ ಬೆಳೆಗಾರರಿಗೆ 1959ರ ಶಸ್ತ್ರಾಸ್ತ್ರ ಕಾಯಿದೆಯಂತೆ ಪರವಾನಗಿ ಬೇಕೇಬೇಕು. ಆ ಕಾಯಿದೆ ಬೆಳೆಯ ರಕ್ಷಣೆಗೆಂದು ಹೇಳುವುದು ಮುಂಬಾಯಿಯಿಂದ ಮದ್ದು ತುಂಬುವ ಕೋವಿಯನ್ನು. ಅದು ಸಾಲದೆಂದು ಅಧಿಕಾರಿಗೆ ಮನವರಿಕೆಯಾದರೆ ನುಣುಪು ನಳಿಗೆಯ ಬೇರೆ ಕೋವಿಗೂ ಅನುಮತಿ ಕೊಡಬಹುದು. 2019ರ ತಿದ್ದುಪಡಿಯ ತರುವಾಯ ಪರವಾನಗಿಯ ಅವಧಿ ಐದು ವರ್ಷ. ಒಬ್ಬರು ಇಟ್ಟುಕೊಳ್ಳಬಹುದಾದ ಕೋವಿಗಳು ಸಾಮಾನ್ಯವಾಗಿ ಎರಡು ಮಾತ್ರ. ಮದುವೆಯ ಸಂಭ್ರಮಕ್ಕೆ ಇತರರ ಪ್ರಾಣಕ್ಕೆ ಕುತ್ತಾಗುವಂತೆ ಗುಂಡು ಹಾರಿಸಿದರೆ ಎರಡು ವರ್ಷದವರೆಗೆ ಸೆರೆವಾಸ ಅಥವಾ ಒಂದು ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡೂ ಆಗಬಹುದು.

ಬೆಳೆಯ ರಕ್ಷಣೆಯ ಪರವಾನಗಿ ಕೊಲ್ಲುವ ಪರವಾನಗಿಯಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಂತೆ ಕಾಟಿ, ನವಿಲುಗಳಂತಹ ಪ್ರಾಣಿಪಕ್ಷಿಗಳಿಗೆ ಅತ್ಯುನ್ನತ ರಕ್ಷಣೆಯಿದೆ. ಬೆಳೆ ಹಾಳಾದರೆ ಚಿತ್ರ ತೆಗೆದಿಟ್ಟು ತಡಮಾಡದೆ ಅರಣ್ಯ ಇಲಾಖೆಗೆ ಪರಿಹಾರದ ಅರ್ಜಿ ಕೊಡುವುದೇ ಸರಿಯಾದ ಮಾರ್ಗ. ಬೇಲಿಗೆ ಮನೆಯ ವಿದ್ಯುತ್ತನ್ನು ನೇರವಾಗಿ ಹಾಯಿಸುವುದು, ಉರುಳು ಒಡ್ಡುವುದು, ಸಿಡಿಮದ್ದು ಹುದುಗಿಸುವುದು ಇವು ಅಪರಾಧವೂ ಹೌದು, ಪಾಪವೂ ಹೌದು. ಅವಕ್ಕೆ ಹಂದಿ ಯಾವುದು, ನೆರೆಮನೆಯ ಹಸು ಯಾವುದು, ಹುಲ್ಲು ತರಲು ಹೊರಟ ಹೆಣ್ಣುಮಗಳು ಯಾರು ಎಂಬ ವಿವೇಕವಿಲ್ಲ.

ಮನೆಯೊಳಗೆ ಕೋವಿಯಿದ್ದಷ್ಟು ಕಾಲವೂ ನಮ್ಮ ಯಜಮಾನರು ಪಾಲಿಸಿದ ನಿಯಮಗಳು ಹೀಗಿದ್ದವು. ಕೋವಿ ಒಂದು ಕಪಾಟಿನಲ್ಲಿ, ತೋಟಾಗಳು ಇನ್ನೊಂದು ಪೆಟ್ಟಿಗೆಯಲ್ಲಿ. ಎರಡಕ್ಕೂ ಬೀಗ, ಬೀಗದ ಕೈ ಅವರ ಬಳಿಯಲ್ಲಿಯೇ. ಈಡು ತುಂಬಿದ ಕೋವಿ ಹೊಸ್ತಿಲು ದಾಟಿ ಒಳಗೆ ಬರಕೂಡದು. ಕೈಗೆ ತೆಗೆದುಕೊಂಡ ಪ್ರತಿಸಲವೂ, ಖಾಲಿಯೆಂದು ಗೊತ್ತಿದ್ದರೂ, ನಳಿಗೆ ಮುರಿದು ನೋಡಬೇಕು. ತಮಾಷೆಗೂ ಯಾರ ಕಡೆಗೂ ಗುರಿ ತಿರುಗಿಸಬಾರದು. ಗುರಿ ನಿಶ್ಚಯವಾಗುವವರೆಗೆ ಬೆರಳು ಟ್ರಿಗರಿನ ಮೇಲೆ ಹೋಗಬಾರದು. ಗುರಿಯ ಹಿಂದೆ ಏನಿದೆಯೆಂದು ಕಾಣದೆ ಹಾರಿಸಬಾರದು. ಕತ್ತಲೆಯಲ್ಲಿ ಪೊದೆ ಅಲುಗಿದ್ದನ್ನು ಹಂದಿಯೆಂದು ಭಾವಿಸಿ ಜೊತೆಗಾರನಿಗೇ ಗುಂಡು ಹೊಡೆದ ದುರಂತಗಳನ್ನು ನಮ್ಮ ಭಾಗದ ಪತ್ರಿಕೆಗಳಲ್ಲಿ ಆಗಾಗ ಓದುತ್ತೇವೆ. ಅಲ್ಲಿ ಬೇರೆಲ್ಲಕ್ಕಿಂತ ಮೊದಲು ತಪ್ಪಿದ್ದು ಈ ಕೊನೆಯ ನಿಯಮ.

ಮಳೆಗಾಲದಲ್ಲಿ ಕೋವಿಗೆ ಬಾಣಂತಿಯಷ್ಟೇ ಆರೈಕೆ ಬೇಕು. ಕರಿಮದ್ದಿನ ಕಿಟ್ಟ ಗಾಳಿಯ ತೇವವನ್ನು ಹೀರಿ ನಳಿಗೆಯನ್ನು ತಿನ್ನುತ್ತದೆ. ಕೇಪಿನ ಕೋವಿಯುಳ್ಳವರು ಹಾರಿಸಿದ ದಿನವೇ ನಳಿಗೆಯನ್ನು ಬಿಸಿನೀರಿನಿಂದ ತೊಳೆದು, ಪೂರ್ಣವಾಗಿ ಒಣಗಿಸಿ, ತೆಳುವಾಗಿ ಎಣ್ಣೆ ಸವರಬೇಕು. ಬಹುಕಾಲ ಇಟ್ಟ ಕೋವಿಯ ನಳಿಗೆಯಲ್ಲಿ ಕಣಜ ಮಣ್ಣಿನ ಗೂಡು ಕಟ್ಟಿರಬಹುದು. ಅದನ್ನು ನೋಡದೆ ಹಾರಿಸಿದರೆ ನಳಿಗೆ ಸಿಡಿದು ಹಾರಿಸಿದವನನ್ನೇ ಬಲಿ ತೆಗೆದುಕೊಳ್ಳುತ್ತದೆ. ಅತ್ತೆಯವರು “ಕಚ್ಚುತ್ತದೆ” ಎಂದದ್ದು ಇದನ್ನೇ.

ಕೋವಿಯನ್ನು ಭಯದ ವಸ್ತುವೆಂದೇ ಬಗೆದಿದ್ದ ನನಗೆ ಅದರ ಇನ್ನೊಂದು ಮುಖವನ್ನು ತೋರಿಸಿದವಳು ಮೊಮ್ಮಗಳು. ಕಾಲೇಜಿನ ಎನ್.ಸಿ.ಸಿ.ಗೆ ಸೇರಿದ ಅವಳು .22 ರೈಫಲಿನಲ್ಲಿ ಗುರಿ ಹೊಡೆಯುವುದನ್ನು ಕಲಿತಳು. ರೈಫಲಿಗೂ ನಮ್ಮ ಮನೆಯ ಕೋವಿಗೂ ಇರುವ ಭೇದವನ್ನು ವಿವರಿಸಿದವಳೂ ಅವಳೇ. ನಮ್ಮ ಕೋವಿಯ ನಳಿಗೆ ಒಳಗೆ ನುಣುಪು. ರೈಫಲಿನ ನಳಿಗೆಯೊಳಗೆ ಸುರುಳಿಯಾಗಿ ಕೊರೆದ ಗಾಡಿಗಳಿದ್ದು, ಗುಂಡು ಬುಗುರಿಯಂತೆ ತಿರುಗುತ್ತಾ ನೇರವಾಗಿ ಸಾಗುತ್ತದೆ. ಆ ಚಿಕ್ಕ ಗುಂಡು ಸಹ ಒಂದು ಕಿಲೋಮೀಟರಿಗೂ ಹೆಚ್ಚು ದೂರ ಹೋಗಬಲ್ಲದಾದುದರಿಂದ, ಮಣ್ಣಿನ ದಿಬ್ಬದ ತಡೆಯಿರುವ ಅಧಿಕೃತ ಮೈದಾನದ ಹೊರಗೆ ಅಭ್ಯಾಸ ಮಾಡುವಂತಿಲ್ಲ. ಮೊದಲು ಅವರಿಗೆ ಕಲಿಸುವುದು ಗುರಿಯ ನಡುಬಿಂದುವನ್ನು ಹೊಡೆಯುವುದನ್ನಲ್ಲ. ಎಲ್ಲ ಗುಂಡುಗಳೂ ಒಂದೇ ಕಡೆ ಗುಂಪಾಗಿ ಬೀಳುವಂತೆ ಮಾಡುವುದನ್ನು. ಉಸಿರನ್ನು ಬಿಟ್ಟು, ಮುಂದಿನ ಉಸಿರೆಳೆಯುವ ಮುನ್ನ ಬರುವ ಸಹಜವಾದ ಬಿಡುವಿನಲ್ಲಿ, ಟ್ರಿಗರನ್ನು ಜಗ್ಗದೆ ಮೆಲ್ಲನೆ ಒತ್ತಬೇಕು. ಸದ್ದು ತನಗೇ ಅನಿರೀಕ್ಷಿತವಾಗಿ ಕೇಳಿಸಿದರೆ ಒತ್ತಿದ್ದು ಸರಿ ಎಂದರ್ಥವಂತೆ.

ಮನೆಯ ಮಕ್ಕಳಿಗೆ ಈ ವಿದ್ಯೆಯಲ್ಲಿ ಆಸಕ್ತಿಯಿದ್ದರೆ ತಡೆಯಬೇಡಿ. ಮಾನ್ಯತೆ ಪಡೆದ ಶೂಟಿಂಗ್ ಕ್ಲಬ್ಬಿಗೆ ಸೇರಿಸಿ, 10 ಮೀಟರಿನ ಏರ್ ರೈಫಲಿನಿಂದ ಆರಂಭಿಸಲಿ. ಆ ಸ್ಪರ್ಧೆಯಲ್ಲಿ ಹತ್ತು ಅಂಕದ ನಡುಬಿಂದುವಿನ ಅಗಲ ಕೇವಲ ಅರ್ಧ ಮಿಲಿಮೀಟರು, ಸಾಸಿವೆ ಕಾಳಿಗಿಂತಲೂ ಸಣ್ಣದು. 2008ರ ಬೀಜಿಂಗ್ ಒಲಿಂಪಿಕ್ಸಿನಲ್ಲಿ ಅಭಿನವ್ ಬಿಂದ್ರಾ ಚಿನ್ನ ಗೆದ್ದದ್ದು ಇದರಲ್ಲಿಯೇ. 2024ರ ಪ್ಯಾರಿಸ್ ಒಲಿಂಪಿಕ್ಸಿನಲ್ಲಿ 50 ಮೀಟರ್ ರೈಫಲ್ ಸ್ಪರ್ಧೆಯ ಕಂಚು ಗೆದ್ದ ಸ್ವಪ್ನಿಲ್ ಕುಸಾಳೆ, ನಮ್ಮ ಬೆಳಗಾವಿಗೆ ನೆರೆಯ ಕೊಲ್ಹಾಪುರ ಜಿಲ್ಲೆಯ ಹಳ್ಳಿಯ ಹುಡುಗ. ಏರ್ ರೈಫಲನ್ನು ಆಟಿಕೆಯೆಂದು ತಿಳಿದು ಹಿತ್ತಿಲಲ್ಲಿ ಹಕ್ಕಿ ಹೊಡೆಯಲು ಮಕ್ಕಳ ಕೈಗೆ ಕೊಡುವುದು ಮಾತ್ರ ಸಲ್ಲದು. ಅದರ ಚರೆ ಕಣ್ಣನ್ನು ಕಳೆಯುತ್ತದೆ.

2021ರಲ್ಲಿ ನಮ್ಮ ಯಜಮಾನರು ಲಿಂಗೈಕ್ಯರಾದರು. ಶಿವಗಣಾರಾಧನೆ ಮುಗಿದ ಮರುದಿನವೇ ಕೋವಿಯ ಪ್ರಶ್ನೆ ಎದ್ದಿತು. ಪರವಾನಗಿ ಮೃತರಾದವರ ಹೆಸರಿನಲ್ಲಿತ್ತು. ಅಂತಹ ಕೋವಿಯನ್ನು ಮನೆಯಲ್ಲಿಟ್ಟುಕೊಳ್ಳದೆ, ವಿಳಂಬ ಮಾಡದೆ ಪೊಲೀಸ್ ಠಾಣೆಗೋ ಪರವಾನಗಿಯುಳ್ಳ ವ್ಯಾಪಾರಿಗೋ ಒಪ್ಪಿಸಬೇಕೆಂದು ಕಾಯಿದೆ ಹೇಳುತ್ತದೆ. ವಾರಸುದಾರರು ಅನಂತರ ತಮ್ಮ ಹೆಸರಿಗೆ ಅರ್ಜಿ ಹಾಕಬಹುದು. ದುಃಖದ ದಿನಗಳಲ್ಲಿ ಎಷ್ಟೋ ಮನೆಗಳು ಇದನ್ನು ಮರೆತು ತೊಂದರೆಗೆ ಸಿಲುಕುತ್ತವೆ. ಓದುಗ ಬಂಧುಗಳು ದಯಮಾಡಿ ನೆನಪಿಡಬೇಕು. ಮಗ ಬಂದು ಠಾಣೆಗೆ ಒಪ್ಪಿಸಿ ರಸೀದಿ ಪಡೆದ.

“ಅವ್ವಾ, ನೀವು ಒಬ್ಬರೇ ಇರುತ್ತೀರಿ. ನಿಮ್ಮ ಹೆಸರಿಗೇ ಅರ್ಜಿ ಹಾಕೋಣವೇ?” ಎಂದು ಅವನು ಕೇಳಿದ. ಬಂಧುಗಳಲ್ಲಿ ಕೆಲವರು ಕೋವಿಯಿಲ್ಲದೆ ಇರಬೇಡಿರೆಂದರು, ಕೆಲವರು ಮನೆಯನ್ನೇ ಬಿಟ್ಟು ಶಿವಮೊಗ್ಗಕ್ಕೆ ಬನ್ನಿರೆಂದರು. ನಾನು ಎರಡು ದಿನ ಯೋಚಿಸಿದೆ. ಒಲೆಯನ್ನು ನೋಡಿಕೊಳ್ಳಬಲ್ಲೆ, ಹತ್ಯಾರುಗಳ ಗೂಟಗಳನ್ನು ಎಣಿಸಬಲ್ಲೆ, ಬಾಗಿಲಿಗೆ ಅಗುಳಿ ಹಾಕಬಲ್ಲೆ. ನಳಿಗೆ ಮುರಿದು ನೋಡುವ ಕಣ್ಣು, ಒರೆಸಿ ಎಣ್ಣೆ ಸವರುವ ಕೈ, ಕತ್ತಲೆಯಲ್ಲಿ ಹಂದಿಯನ್ನೂ ಮನುಷ್ಯನನ್ನೂ ಬೇರ್ಪಡಿಸುವ ನಿಶ್ಚಯ ಇವು ನನ್ನಲ್ಲಿಲ್ಲ. ನೋಡಿಕೊಳ್ಳಲಾಗದ ಕಾವಲುಗಾರನನ್ನು ಮನೆಯಲ್ಲಿಟ್ಟುಕೊಳ್ಳುವುದು ಅತ್ತೆಯವರ ಮಾತಿಗೆ ವಿರುದ್ಧ. “ಬೇಡಪ್ಪ, ಅದು ಹೋಗಲಿ. ಉಳಿದ ಮೂವರು ನನಗೆ ಸಾಕು” ಎಂದೆ. ಕೋವಿ ನಿಯಮದಂತೆ ವ್ಯಾಪಾರಿಯ ಕೈಸೇರಿತು. ಅದರ ಹಣದಲ್ಲಿ ಅಂಗಳಕ್ಕೆ ಸೌರದೀಪಗಳನ್ನೂ ಗದ್ದೆಯ ಸುತ್ತ ಅನುಮೋದಿತ ಯಂತ್ರದ ಸೌರಬೇಲಿಯನ್ನೂ ಹಾಕಿಸಿಕೊಂಡೆ. ಆ ಬೇಲಿ ಕ್ಷಣಮಾತ್ರದ ಪೆಟ್ಟುಕೊಟ್ಟು ಪ್ರಾಣಿಯನ್ನು ಹಿಮ್ಮೆಟ್ಟಿಸುತ್ತದೆಯೇ ಹೊರತು ಕೊಲ್ಲುವುದಿಲ್ಲ. ಬಳ್ಳಿ ತಗಲಿದರೆ ಅದೂ ಸುಮ್ಮನಾಗುವುದರಿಂದ, ವಾರಕ್ಕೊಮ್ಮೆ ಅದರ ಬುಡದ ಕಳೆಯನ್ನು ಸವರಿಸಲೇಬೇಕು.

ಎಲ್ಲರೂ ಹೀಗೆಯೇ ಮಾಡಬೇಕೆಂದು ನಾನು ಹೇಳುವುದಿಲ್ಲ. ಸಂಕದಾಚೆಯ ಮನೆಯಲ್ಲಿ ಇಂದಿಗೂ ಪರವಾನಗಿಯ ಕೋವಿಯಿದೆ. ಅದನ್ನು ನೋಡಿಕೊಳ್ಳಬಲ್ಲ ಕೈಗಳೂ ಇವೆ. ತಮ್ಮ ಮನೆಯಲ್ಲಿ ಯಾವುದಕ್ಕೆ ಕೈಯಿದೆ, ಯಾವುದಕ್ಕಿಲ್ಲ ಎಂಬುದನ್ನು ಪ್ರತಿಯೊಂದು ಕುಟುಂಬವೂ ನಿಷ್ಠುರವಾಗಿ ಯೋಚಿಸಬೇಕು. ಕೊಂಡುಕೊಳ್ಳುವಾಗ ಬೆಲೆಯನ್ನು ವಿಚಾರಿಸುತ್ತೇವೆ. ಆ ವಸ್ತು ದಿನವೂ ನಮ್ಮಿಂದ ಎಷ್ಟು ಹೊತ್ತಿನ ಸೇವೆಯನ್ನು ಕೇಳುತ್ತದೆ ಎಂದು ವಿಚಾರಿಸುವುದಿಲ್ಲ.

ಈಗ ಮಗ ಮತ್ತು ಸೊಸೆ ಊರಿಗೆ ಬಂದು ನೆಲೆಸುವ ಮಾತಾಡುತ್ತಿದ್ದಾರೆ. ಮರಳಿ ಬರಬಯಸುವ ಎಲ್ಲ ಯುವ ದಂಪತಿಗಳಿಗೂ ಹೇಳುವುದನ್ನೇ ಅವರಿಗೂ ಹೇಳಿದ್ದೇನೆ. ಮಾಘದ ಬಿಸಿಲಿನಲ್ಲಿ ತೋಟವನ್ನು ನೋಡಿ ನಿರ್ಧರಿಸಬೇಡಿ. ಒಂದು ಪೂರ್ಣ ಮಳೆಗಾಲವನ್ನು ಇಲ್ಲಿ ಕಳೆಯಿರಿ. ಸೌದೆಯನ್ನು ನೀವೇ ಒಟ್ಟಿ, ಹಂಡೆಗೆ ನೀವೇ ಉರಿಹಾಕಿ, ಸಂಜೆ ಗೂಟಗಳನ್ನು ನೀವೇ ಎಣಿಸಿ, ಹಿತ್ತಿಲ ಬಾಗಿಲಿನ ಅಗುಳಿಯನ್ನು ನಿಮ್ಮ ಕೈಯಿಂದಲೇ ಹಾಕಿ ನೋಡಿರಿ. ಸೆಪ್ಟೆಂಬರಿನ ಕೊನೆಗೆ ಬಿಸಿಲು ಬಿದ್ದಾಗಲೂ ಆ ಕೆಲಸಗಳು ಬೇಸರ ತರದಿದ್ದರೆ, ಈ ಮನೆ ನಿಮ್ಮದು.